ಗೇಲಿಯೇ ಹೆಸರಾದ ಕಥೆ



ನಮ್ಮ ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿ ಮೊನೆ 1879ರಲ್ಲಿ ಬರೆದ ವೆತೆಯ್ ಹಳ್ಳಿಯ ಬೇಸಿಗೆಯ ಚಿತ್ರವಿದೆ. ಹತ್ತಿರ ನಿಂತರೆ ಬರೀ ಬಣ್ಣದ ಗೀಟು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನದಿಯ ನೀರು ಮಿನುಗುತ್ತದೆ. 1874ರಲ್ಲಿ ಪ್ಯಾರಿಸ್ಸಿನ ಪತ್ರಕರ್ತನೊಬ್ಬ ಇಂಥವರನ್ನು ‘ಇಂಪ್ರೆಷನಿಸ್ಟರು’ ಎಂದು ಗೇಲಿ ಮಾಡಿದ. ಅವರು ಅದನ್ನೇ ಹೆಸರಾಗಿಸಿಕೊಂಡರು! 1905ರಲ್ಲಿ ಮತೀಸ್ ಮತ್ತು ಗೆಳೆಯರಿಗೆ ಸಿಕ್ಕಿದ್ದು ‘ಫೋವ್’, ಅಂದರೆ ಕಾಡುಮೃಗಗಳು. ಕ್ಯೂಬಿಸಂ ಹೆಸರೂ ಕೊಂಕಿನಿಂದಲೇ ಬಂದದ್ದು.

ಊರಿಗೆ ಹೋದಾಗ ನಿಮ್ಮ ಕನ್ನಡ ಕೇಳಿ ನಗುತ್ತಾರೆಂದು ನೀವು ತರಗತಿಯಲ್ಲಿ ಹೇಳಿದ್ದು ನನಗೆ ನೆನಪಿದೆ. ನಗಲಿ ಬಿಡಿ, ನೀವು ಮಾತಾಡಿ.

25 ವರ್ಷದವರೆಗೆ ಅಲ್ಲಿ ಪ್ರವೇಶ ಉಚಿತ. ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಕನ್ನಡದಲ್ಲೇ ವಿವರಿಸಿ. ಕಾಡುಮೃಗಗಳ ಕಥೆ ಅವರಿಗೆ ಖಂಡಿತ ಇಷ್ಟವಾಗುತ್ತದೆ.