ಹಬ್ಬದ ಸಂತೋಷ ಯಾರ ಲೆಕ್ಕದಲ್ಲಿ?

(ರಮಝಾನ್‌ನ ಕೊನೆಯ ಹತ್ತರಲ್ಲಿ ನಡೆದ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪವಿತ್ರ ರಮಝಾನ್ ತನ್ನ ಕೊನೆಯ ಘಟ್ಟವನ್ನು ತಲುಪಿದೆ. ಒಂದು ಕಡೆ ಮಸೀದಿಗಳಲ್ಲಿ ರಾತ್ರಿಯ ಆರಾಧನೆ, ಕುರ್‌ಆನ್ ಪಾರಾಯಣ. ಇನ್ನೊಂದು ಕಡೆ ಬಟ್ಟೆ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ. ಹೊಟೇಲುಗಳ ಮುಂದೆ ಕುಟುಂಬ ಸಮೇತ ಸರದಿ ನಿಂತವರ ಸಾಲು. ಬೆಂಗಳೂರಿನ ಫ್ರೇಝರ್ ಟೌನ್‌ನ ಮಸೀದಿ ರಸ್ತೆಯಿರಲಿ, ಕರಾವಳಿಯ ಪೇಟೆಗಳಿರಲಿ, ಈ ದಿನಗಳಲ್ಲಿ ಎಲ್ಲೆಡೆಯೂ ಇದೇ ದೃಶ್ಯ. ಇದನ್ನು ಕಂಡು ಕೆಲವರು ಹೊರಗೆ ಊಟ ಮಾಡುವುದೇ ಧರ್ಮಬಾಹಿರ ಎಂಬಂತೆ ಸಿಡುಕುತ್ತಾರೆ. ಇನ್ನು ಕೆಲವರು "ವರ್ಷಕ್ಕೊಂದು ಹಬ್ಬ, ಲೆಕ್ಕ ಯಾಕೆ?" ಎಂದು ಕೇಳುತ್ತಾರೆ. ಈ ಎರಡು ನಿಲುವುಗಳೂ ಇಸ್ಲಾಮಿನದ್ದಲ್ಲ.

ಸಂತೋಷ ಅಪರಾಧವಲ್ಲ

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಅಲ್ಲಾಹನು ತನ್ನ ದಾಸರಿಗಾಗಿ ಸೃಷ್ಟಿಸಿದ ಅಲಂಕಾರವನ್ನೂ ಶುದ್ಧ ಆಹಾರವನ್ನೂ ನಿಷಿದ್ಧಗೊಳಿಸಲು ಯಾರಿಗೂ ಅಧಿಕಾರವಿಲ್ಲವೆಂದು ಪವಿತ್ರ ಕುರ್‌ಆನ್ (7:32) ಕಲಿಸುತ್ತದೆ. ಈದ್‌ನ ದಿನ ಮಸೀದಿಯಲ್ಲಿ ಅಬಿಸೀನಿಯಾದವರು ಈಟಿಗಳೊಂದಿಗೆ ಆಟವಾಡುತ್ತಿದ್ದಾಗ ಪ್ರವಾದಿ(ಸ)ರು ಅದನ್ನು ತಡೆಯಲಿಲ್ಲ. ಪತ್ನಿ ಆಯಿಶಾ(ರ)ರಿಗೆ ಸಾಕೆನಿಸುವವರೆಗೂ ಅದನ್ನು ನೋಡಲು ಅವಕಾಶ ಮಾಡಿಕೊಟ್ಟರು. ಒಬ್ಬನು ಖರ್ಚು ಮಾಡುವ ಹಣದಲ್ಲಿ ಅತಿ ಹೆಚ್ಚು ಪ್ರತಿಫಲವಿರುವುದು ಸ್ವಂತ ಕುಟುಂಬಕ್ಕಾಗಿ ಮಾಡಿದ ಖರ್ಚಿಗೆ ಎಂಬ ಅರ್ಥದ ವಚನವೂ ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ.

ಇನ್ನು ನಮ್ಮ ಮನೆಯ ತಾಯಂದಿರನ್ನು ಗಮನಿಸಿ. ಮೂವತ್ತು ದಿನ ಸಹ್ರಿಗೆ ಎಲ್ಲರಿಗಿಂತ ಮೊದಲು ಏಳುವವರು ಅವರು. ಇಫ್ತಾರ್‌ನ ಹೊತ್ತಿಗೆ ಒಲೆಯ ಮುಂದೆ ನಿಂತು ಬೆವರುವವರೂ ಅವರೇ. ಹಬ್ಬದ ದಿನ ಗಂಡಸರು ಈದ್‌ಗಾಹ್‌ನಿಂದ ಮರಳಿ ಆಲಿಂಗಿಸಿಕೊಳ್ಳುತ್ತಿರುವಾಗ ಅವರು ಬಿರಿಯಾನಿಯ ಹಂಡೆಯ ಬಳಿ ಇರುತ್ತಾರೆ. ಹಬ್ಬದ ಮರುದಿನ ಅಂತಹ ತಾಯಿಯನ್ನು, ಪತ್ನಿಯನ್ನು ಒಂದು ಹೊಟೇಲಿಗೆ ಕರೆದೊಯ್ದು, "ಇಂದು ನೀವು ಕುಳಿತುಕೊಳ್ಳಿ, ಬಡಿಸುವವರು ಬೇರೆ ಇದ್ದಾರೆ" ಎಂದರೆ ಅದು ದುಂದುವೆಚ್ಚವಲ್ಲ, ಅದು ಸದ್ವರ್ತನೆ. ಆಕೆಗೆ ಏನು ತಿನ್ನಬೇಕೆಂದಿದೆ ಎಂದು ಮೊದಲು ಆಕೆಯನ್ನೇ ಕೇಳಬೇಕು, ಅಷ್ಟೇ.

ಆದ್ದರಿಂದ ತಿನ್ನಬಹುದೇ, ಕೊಡಬಹುದೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ನಮ್ಮ ಸಂತೋಷದ ಬಿಲ್ಲನ್ನು ಪಾವತಿಸುತ್ತಿರುವವರು ಯಾರು ಎಂಬುದೇ ಪ್ರಶ್ನೆ. ಸಾಲ ಕೊಟ್ಟವನೇ? ಸಂಬಳ ಸಿಗದ ಕೆಲಸಗಾರನೇ? ಅಥವಾ ಸೊಸೆಯ ತಂದೆಯೇ?

ಖರ್ಚಿಗೊಂದು ಕ್ರಮವಿದೆ

ಖರ್ಚು ಮಾಡುವಾಗ ದುಂದುಗಾರಿಕೆಯನ್ನೂ ಜಿಪುಣತನವನ್ನೂ ಬಿಟ್ಟು ಇವೆರಡರ ನಡುವೆ ಸಮತೋಲನದಲ್ಲಿರುವುದು ಪರಮ ದಯಾಮಯನ ದಾಸರ ಲಕ್ಷಣವೆಂದು ಕುರ್‌ಆನ್ (25:67) ವಿವರಿಸುತ್ತದೆ. ನಾವು ಇಂದು 'ಬಜೆಟ್' ಎಂದು ಕರೆಯುವುದು ಇದನ್ನೇ. ಬಜೆಟ್ ಎಂದರೆ ಕಡಿಮೆ ಖರ್ಚು ಎಂದರ್ಥವಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನ ಎಂದರ್ಥ.

ಹಬ್ಬದ ಖರ್ಚಿನಲ್ಲಿ ಮೊದಲ ಸ್ಥಾನ ಇತರರಿಗೆ ಸಲ್ಲಬೇಕಾದುದಕ್ಕೆ. ಮನೆಗೆಲಸದವರ, ಅಂಗಡಿಯ ಹುಡುಗರ ಸಂಬಳ, ಕೈಸಾಲದ ಬಾಕಿ, ಕಿರಾಣಿ ಅಂಗಡಿಯ ಲೆಕ್ಕ. ಸಾಲವಿಟ್ಟು ತೀರಿಹೋದ ವ್ಯಕ್ತಿಯ ಜನಾಝಾ ನಮಾಝ್‌ಗೆ ನೇತೃತ್ವ ನೀಡಲು ಪ್ರವಾದಿ(ಸ)ರು ಹಿಂಜರಿದರು. ಅಬೂ ಕತಾದಃ(ರ)ರು ಆ ಸಾಲವನ್ನು ತಾನು ವಹಿಸಿಕೊಳ್ಳುವೆನೆಂದ ನಂತರವೇ ಮುಂದೆ ಬಂದರು. ಸಾಲದ ವಿಷಯ ಅಷ್ಟು ಗಂಭೀರವಾದುದು.

ಎರಡನೆಯದು ಫಿತ್ರ್ ಝಕಾತ್. ತಲೆಗೊಂದು ಸಾಅ್, ಅಂದರೆ ಇಂದಿನ ಅಳತೆಯಲ್ಲಿ ಸುಮಾರು ಎರಡೂವರೆಯಿಂದ ಮೂರು ಕೆ.ಜಿ. ಧಾನ್ಯ. ಐದು ಮಂದಿಯ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರು ಕೆ.ಜಿ.ಯಂತೆ ಹದಿನೈದು ಕೆ.ಜಿ. ಅಕ್ಕಿ. ಕೆ.ಜಿ.ಗೆ 50 ರೂಪಾಯಿ ಎಂದು ಹಿಡಿದರೆ 750 ರೂಪಾಯಿ. ಇದೇ ಐದು ಮಂದಿ ಹೊಟೇಲಿಗೆ ಹೋಗಿ ಬಿರಿಯಾನಿ, ಕಬಾಬ್, ಐಸ್‌ಕ್ರೀಮ್ ತಿಂದು ಎದ್ದರೆ ಬಿಲ್ಲು ಎಷ್ಟಾಗುತ್ತದೆಂದು ನೀವೇ ಬಲ್ಲಿರಿ. ಒಂದು ಹೊತ್ತಿನ ಆ ಬಿಲ್ಲಿನ ಅರ್ಧದಷ್ಟೂ ಆಗದ ಮೊತ್ತದಲ್ಲಿ ಒಂದು ಬಡ ಕುಟುಂಬದ ಹಬ್ಬದ ಅಡುಗೆ ನಡೆಯುತ್ತದೆ. ಆದರೆ ಹೊಟೇಲಿನ ಬಿಲ್ಲನ್ನು ತಕ್ಷಣ ಪಾವತಿಸುವ ನಾವು ಫಿತ್ರ್ ಝಕಾತನ್ನು ಹಬ್ಬದ ರಾತ್ರಿಯ ಗಡಿಬಿಡಿಗೆ ಬಿಟ್ಟುಬಿಡುತ್ತೇವೆ. ಈದ್ ನಮಾಝ್‌ಗೆ ಮೊದಲು ಅದು ಹಕ್ಕುದಾರನ ಕೈ ಸೇರಬೇಕೆಂಬ ನಿಯಮದ ಉದ್ದೇಶವೇನು? ಆ ಮನೆಯ ಒಲೆಯೂ ನಮ್ಮ ಒಲೆಯ ಜೊತೆಗೇ ಉರಿಯಬೇಕು ಎಂಬುದಲ್ಲವೇ?

ಇವೆರಡೂ ಆದ ಬಳಿಕ ಕುಟುಂಬದ ಬಟ್ಟೆ, ಮಕ್ಕಳ ಈದಿ, ಹೊರಗಿನ ಊಟ. ಉಳಿದ ಮೊತ್ತ ಎರಡು ಸಾವಿರವಾದರೆ ಎರಡು ಸಾವಿರದ ಸಂತೋಷ, ಐನೂರಾದರೆ ಐನೂರರ ಸಂತೋಷ. ಐನೂರರಲ್ಲಿ ಸಂತೋಷ ಸಿಗದೆಂದು ಯಾರು ಹೇಳಿದರು? ಕಡಲತೀರದಲ್ಲೋ ಉದ್ಯಾನದಲ್ಲೋ ಮನೆಯ ಬುತ್ತಿಯನ್ನು ಬಿಚ್ಚಿ, ಬರುವಾಗ ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿದ ತಂದೆಯನ್ನು ಮಕ್ಕಳು ಮರೆಯುವುದಿಲ್ಲ.

ತಟ್ಟೆಯಲ್ಲಿ ಉಳಿದದ್ದು

ಹೊಟೇಲಿಗೆ ಹೋಗುವುದಾದರೆ ಕೆಲವು ವಿಷಯಗಳನ್ನು ನೆನಪಿಡೋಣ. ಇಬ್ಬರ ಆಹಾರ ಮೂವರಿಗೆ ಸಾಕು, ಮೂವರದ್ದು ನಾಲ್ವರಿಗೆ ಸಾಕು ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ಆದ್ದರಿಂದ ಐವರಿದ್ದಲ್ಲಿ ಮೂರು ಬಿರಿಯಾನಿ ತರಿಸಿ. ಸಾಲದಿದ್ದರೆ ಮತ್ತೊಂದನ್ನು ಕೇಳಬಹುದು. ತರಿಸಿದ್ದನ್ನು ಹಿಂದಕ್ಕೆ ಕೊಡಲಾಗದು. ಉಳಿದದ್ದನ್ನು ಪಾರ್ಸೆಲ್ ಮಾಡಿಸಿಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ಅನ್ನವನ್ನು ತಟ್ಟೆಯಲ್ಲಿ ಬಿಟ್ಟು ಎದ್ದು ಬರುವುದು ನಾಚಿಕೆಯ ಸಂಗತಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲೇ. ಅನ್ನವನ್ನು ಚೆಲ್ಲುವ ಈ ಪಾಪದಲ್ಲಿ ಶ್ರೀಮಂತ ರಾಷ್ಟ್ರಗಳಿಗಷ್ಟೇ ಪಾಲಿರುವುದಲ್ಲ. ನಮ್ಮ ಇಫ್ತಾರ್ ಕೂಟಗಳ ಕಸದ ಬುಟ್ಟಿಯನ್ನು ಒಮ್ಮೆ ನೋಡಿದರೆ ಸಾಕು.

ಬಿಲ್ಲನ್ನು ಓದುವ ಅಭ್ಯಾಸವೂ ಇರಲಿ. ಸಾಮಾನ್ಯ ಹೊಟೇಲುಗಳ ಊಟದ ಮೇಲಿನ ಜಿಎಸ್‌ಟಿ 2017ರ ನವೆಂಬರ್‌ನಿಂದ ಶೇ. 5. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೊಟೇಲುಗಳು ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಇದನ್ನು ಸೌಜನ್ಯದಿಂದ ಕೇಳುವುದು ಜಿಪುಣತನವಲ್ಲ, ನಾಗರಿಕನ ಹಕ್ಕು. ಆದರೆ ಹಾಗೆ ಉಳಿಸಿದ ಹಣದಲ್ಲಿ ಒಂದಂಶವನ್ನು ಬಡಿಸಿದ ಹುಡುಗನ ಕೈಗೇ ಕೊಡಿ. ಹಬ್ಬದ ದಿನವೂ ಮನೆಗೆ ಹೋಗಲಾಗದೆ ನಮ್ಮ ಮೇಜು ಒರೆಸುತ್ತಿರುವವನು ಅವನು.

ರಸ್ತೆ ಬದಿಯಲ್ಲಿ ಸಮೋಸಾ, ಹಣ್ಣು, ಟೋಪಿ, ಬಳೆ ಮಾರುವವರ ಬಗ್ಗೆಯೂ ಒಂದು ಮಾತು. ಮಾಲ್‌ನಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ಮಾತಿಲ್ಲದೆ ಕೊಡುವ ನಾವು ಇವರೊಡನೆ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುತ್ತೇವೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಬೀದಿ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲವೆಂದು 2014ರ ಕಾಯ್ದೆ ಹೇಳುತ್ತದೆ. ಆದರೂ ಬುಲ್ಡೋಝರ್ ಮೊದಲು ತಲುಪುವುದು ಅವರ ಗಾಡಿಯ ಬಳಿಗೇ. 2022ರಲ್ಲಿ ನಮ್ಮ ರಾಜ್ಯದ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಧರ್ಮದ ಹೆಸರಲ್ಲಿ ಬಡವನ ಅನ್ನವನ್ನು ಕಸಿಯುವುದು ಎಂತಹ ಅನ್ಯಾಯವೆಂದು ಅನುಭವಿಸಿ ತಿಳಿದವರು ನಾವು. ಆದ್ದರಿಂದ ನಮ್ಮ ಹಬ್ಬದ ಖರ್ಚಿನ ಒಂದು ಪಾಲು, ಜಾತಿ ಧರ್ಮ ನೋಡದೆ, ಈ ಬಡ ವ್ಯಾಪಾರಿಗಳಿಗೆ ತಲುಪಲಿ.

ಉಡುಗೊರೆಯೋ, ಕಪ್ಪವೋ?

ಈಗ ಇಂದಿನ ಮಾತಿನ ಮುಖ್ಯ ವಿಷಯಕ್ಕೆ ಬರೋಣ. ಉಡುಗೊರೆ ಪ್ರೀತಿಯನ್ನು ಬೆಳೆಸುತ್ತದೆ. ಕೊಡುವ ವಸ್ತು ಆಡಿನ ಗೊರಸಿನಷ್ಟು ಚಿಕ್ಕದಾದರೂ ನೆರೆಯಾಕೆ ಅದನ್ನು ಕೀಳಾಗಿ ಕಾಣಬಾರದೆಂದು ಪ್ರವಾದಿ(ಸ)ರು ಸ್ತ್ರೀಯರಿಗೆ ಉಪದೇಶಿಸಿದರು. ಅಂದರೆ ಉಡುಗೊರೆಯ ಬೆಲೆ ಅದರ ರಶೀದಿಯಲ್ಲಿಲ್ಲ.

ಆದರೆ ನಮ್ಮಲ್ಲಿ ನಡೆಯುತ್ತಿರುವುದೇನು? ಮದುವೆಯಾದ ಮೊದಲ ರಮಝಾನ್‌ನಲ್ಲಿ ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಇಫ್ತಾರ್‌ನ ತಿಂಡಿಗಳು, ಹಣ್ಣಿನ ಬುಟ್ಟಿಗಳು, ಹಬ್ಬಕ್ಕೆ ಅಳಿಯನಿಗೆ ಬಟ್ಟೆ, ಅತ್ತೆಗೆ ಸೀರೆ, ನಾದಿನಿಯರಿಗೆ ಚೂಡಿದಾರ್ ಬರಲೇಬೇಕೆಂಬ ರೂಢಿ ಹಲವು ಕಡೆ ಬೇರೂರಿದೆ. ಬಂದದ್ದನ್ನು ನೆರೆಮನೆಯವರ ಮುಂದೆ ಹರಡಿ ಎಣಿಸುವವರೂ ಇದ್ದಾರೆ. "ಹಿರಿಯ ಸೊಸೆಯ ಮನೆಯಿಂದ ಇಷ್ಟು ಬಂದಿತ್ತು" ಎಂಬ ಒಂದು ಮಾತು ಸಾಕು. ಆ ಹುಡುಗಿಯ ಹಬ್ಬ ಅಲ್ಲಿಗೆ ಮುಗಿಯಿತು. ಆಕೆ ತವರಿಗೆ ಫೋನು ಮಾಡುತ್ತಾಳೆ, ಇಲ್ಲವೇ ಫೋನು ಮಾಡದೆ ಕಣ್ಣೀರು ನುಂಗುತ್ತಾಳೆ. ಮದುವೆಯ ಸಾಲವನ್ನೇ ಇನ್ನೂ ತೀರಿಸದ ತಂದೆ ಮತ್ತೊಮ್ಮೆ ಚಿನ್ನ ಅಡವಿಡುತ್ತಾನೆ.

ಸಹೋದರಿಯರೇ, ಕೇಳಿ ಪಡೆದದ್ದು ಉಡುಗೊರೆಯಲ್ಲ. ಬಾಯಿ ಬಿಟ್ಟು ಕೇಳದಿದ್ದರೂ ಮುಖ ನೋಡಿ ಕೊಡುವಂತೆ ಮಾಡಿದರೆ ಅದೂ ಉಡುಗೊರೆಯಲ್ಲ. ಅದು ಕಪ್ಪ. ವರದಕ್ಷಿಣೆಯ ವಿರುದ್ಧ ನಮ್ಮ ಸಮುದಾಯದಲ್ಲಿ ವರ್ಷಗಳಿಂದ ಭಾಷಣಗಳು ನಡೆಯುತ್ತಿವೆ. ಅದೇ ವರದಕ್ಷಿಣೆ ಹಬ್ಬದ ಹಣ್ಣಿನ ಬುಟ್ಟಿಯ ವೇಷದಲ್ಲಿ ಹಿಂಬಾಗಿಲಿನಿಂದ ಬಂದರೆ ಅದನ್ನು ಗುರುತಿಸಬೇಡವೇ? ಇದನ್ನು ನಿಲ್ಲಿಸುವ ಶಕ್ತಿ ಹೆಣ್ಣಿನ ತಂದೆಗಿಲ್ಲ. ಅವನು ನಿಲ್ಲಿಸಿದರೆ ಅದರ ಫಲವನ್ನು ಮಗಳು ಉಣ್ಣಬೇಕಾಗುತ್ತದೆ. ನಿಲ್ಲಿಸಬೇಕಾದವರು ಗಂಡಿನ ತಾಯಿ ಮತ್ತು ಗಂಡು. "ಈ ಬಾರಿ ಏನನ್ನೂ ಕಳುಹಿಸಬೇಡಿ, ನೀವೇ ಬಂದು ನಮ್ಮೊಂದಿಗೆ ಊಟ ಮಾಡಿ" ಎಂಬ ಒಂದು ಕರೆ ಬೀಗರ ಮನೆಗೆ ಹೋಗಲಿ. ಆ ಮನೆಯವರಿಗೆ ಈ ವರ್ಷ ಅದಕ್ಕಿಂತ ದೊಡ್ಡ ಹಬ್ಬದ ಉಡುಗೊರೆ ಇರಲಾರದು.

ಬಡ್ಡಿಯ ಹಬ್ಬ

ಈ ಒತ್ತಡದಲ್ಲಿ ಬಾಗಿಲು ತಟ್ಟುವುದು ಬಡ್ಡಿ. ಈಗ ಸಾಲಕ್ಕಾಗಿ ಯಾರ ಮನೆಗೂ ಹೋಗಬೇಕಾಗಿಲ್ಲ, ಮೊಬೈಲನ್ನು ಒತ್ತಿದರೆ ಸಾಕು. ಪೂರ್ತಿ ಬಾಕಿ ಕಟ್ಟದವರಿಗೆ ತಿಂಗಳಿಗೆ ಶೇ. 3ಕ್ಕೂ ಮಿಕ್ಕಿ ಬಡ್ಡಿ ಹಾಕುವ ಕ್ರೆಡಿಟ್ ಕಾರ್ಡುಗಳಿವೆ. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಶೇ. 36ನ್ನು ಮೀರುತ್ತದೆ. ಕಿರು ಸಾಲದ ವಸೂಲಿಗಾರರ ಕಿರುಕುಳ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮುಸ್ಲಿಮರಿಗೆ ಬ್ಯಾಂಕ್ ಸಾಲ ಸರಿಯಾಗಿ ದೊರಕುತ್ತಿಲ್ಲವೆಂಬುದನ್ನು ಸಾಚಾರ್ ಸಮಿತಿ 2006ರಲ್ಲೇ ದಾಖಲಿಸಿತ್ತು. ಸರಕಾರಗಳು ಬದಲಾದವು, ವರದಿ ಕಪಾಟು ಸೇರಿತು. ಇದನ್ನು ನಾವು ಪ್ರಶ್ನಿಸುತ್ತಲೇ ಇರಬೇಕು. ಆದರೆ ದುಡಿಮೆಗೆ ಸಾಲ ಸಿಗದವರು ಬಿರಿಯಾನಿಗೂ ಬಟ್ಟೆಗೂ ಬಡ್ಡಿಯ ಸಾಲ ಮಾಡಿದರೆ ಅದಕ್ಕೆ ಯಾವ ಸರಕಾರವನ್ನು ದೂರೋಣ? ತಿಂಗಳಿಡೀ ಹಲಾಲ್ ಆಹಾರವನ್ನೂ ಹಗಲಲ್ಲಿ ತ್ಯಜಿಸಿದವರು ಶವ್ವಾಲ್‌ನ ಮೊದಲ ದಿನವನ್ನು ಹರಾಮ್ ಆದ ಬಡ್ಡಿಯಿಂದ ಆರಂಭಿಸುವುದೇ?

ಜಮಾಅತ್‌ಗಳಿಗೂ ಇಲ್ಲಿ ಹೊಣೆಗಾರಿಕೆಯಿದೆ. ಮಸೀದಿಯ ದೀಪಾಲಂಕಾರಕ್ಕೆ, ವಿಜೃಂಭಣೆಯ ಇಫ್ತಾರ್ ಕೂಟಗಳಿಗೆ ವ್ಯಯವಾಗುವ ಹಣದಲ್ಲಿ ಒಂದು ಭಾಗವನ್ನು ಬಡ್ಡಿರಹಿತ ಕೈಸಾಲದ ನಿಧಿಗೆ ಮೀಸಲಿಟ್ಟರೆ ಮೊಹಲ್ಲಾದ ಎಷ್ಟೋ ಮನೆಗಳ ಮಾನ ಉಳಿದೀತು.

ಕೊನೆಯದಾಗಿ ಒಂದು ವಿನಂತಿ. ಇಂದು ತರಾವೀಹ್ ಮುಗಿಸಿ ಮನೆಗೆ ಹೋದ ಬಳಿಕ ಒಂದು ಹಾಳೆ ತೆಗೆದುಕೊಳ್ಳಿ. ಪತಿ, ಪತ್ನಿ, ಬೆಳೆದ ಮಕ್ಕಳು ಒಟ್ಟಿಗೆ ಕುಳಿತುಕೊಳ್ಳಿ. ಮೊದಲ ಸಾಲಿನಲ್ಲಿ ಕೊಡಬೇಕಾದ ಬಾಕಿ, ಎರಡನೆಯದರಲ್ಲಿ ಫಿತ್ರ್ ಝಕಾತ್, ಮೂರನೆಯದರಲ್ಲಿ ಕಷ್ಟದಲ್ಲಿರುವ ಒಬ್ಬ ಸಂಬಂಧಿಕನ ಹೆಸರು, ನಾಲ್ಕನೆಯದರಲ್ಲಿ ಬಟ್ಟೆ, ಐದನೆಯದರಲ್ಲಿ ಹೊರಗಿನ ಊಟವನ್ನು ಬರೆಯಿರಿ. ಐದನೆಯ ಸಾಲನ್ನು ಹೊಡೆದು ಹಾಕಬೇಡಿ. ಅದು ಮಕ್ಕಳ ಹಕ್ಕು. ಆದರೆ ಅದನ್ನು ಮೊದಲ ಸಾಲಿಗೆ ತರಬೇಡಿ. ಮೂರನೆಯ ಸಾಲಿನ ಮನೆಗೆ ಈದ್ ನಮಾಝ್‌ಗೆ ಮೊದಲೇ ಹೋಗಿ ಬನ್ನಿ.

ಅಲ್ಲಾಹನು ನಮ್ಮ ಉಪವಾಸಗಳನ್ನೂ ದಾನಧರ್ಮಗಳನ್ನೂ ಸ್ವೀಕರಿಸಲಿ, ನಮ್ಮ ಮನೆಗಳನ್ನು ಸಾಲದಿಂದಲೂ ತೋರಿಕೆಯಿಂದಲೂ ಕಾಪಾಡಲಿ. ಆಮೀನ್.