ಆಟಕ್ಕೆ ಪದಕ ಬೇಕೆ?

ಮಕ್ಕಳು ಟಿ.ವಿ.ಗೆ ಯಂತ್ರ ಜೋಡಿಸಿ ವಿಡಿಯೋ ಗೇಮ್ ಆಡುವಾಗ ಪರದೆಯ ಮೇಲೆ ಥಟ್ಟನೆ ಒಂದು ಪದಕ ಮೂಡುವುದನ್ನು ನೀವು ನೋಡಿರಬಹುದು. ಈ ಪದಕ ಆಟಕ್ಕೆ ಅಗತ್ಯವೆ?

ಇದರ ಬೇರು ಹಳೆಯದು. 1982ರಲ್ಲಿ ಅಮೆರಿಕದ ಆಕ್ಟಿವಿಷನ್ ಸಂಸ್ಥೆ ‘ಪಿಟ್‌ಫಾಲ್’ ಎಂಬ ಆಟವನ್ನು ಹೊರತಂದಿತು. 20,000 ಅಂಕ ಗಳಿಸಿದವರು ಟಿ.ವಿ. ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿದರೆ ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆ ಬರುತ್ತಿತ್ತು. ಬೇಕಾದವರು ಕಳಿಸುತ್ತಿದ್ದರು, ಬೇಡವಾದವರು ಆಡಿ ಎದ್ದುಬಿಡುತ್ತಿದ್ದರು.

2005ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಬಂದಾಗ ಈ ಲೆಕ್ಕವನ್ನು ಯಂತ್ರವೇ ಇಡತೊಡಗಿತು. ಎಲ್ಲ ಆಟಗಳ ಅಂಕವೂ ಒಂದೇ ಖಾತೆಗೆ ಸೇರಿ ಗೆಳೆಯರಿಗೂ ಕಾಣುವಂತಾಯಿತು. 2008ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಯಂತ್ರಕ್ಕೂ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಟ್ರೋಫಿಗಳು ಬಂದವು.

ಇವುಗಳಿಂದ ಲಾಭವೂ ಉಂಟು. ನೋಡದೆ ಬಿಟ್ಟ ಮೂಲೆಯನ್ನು ಹುಡುಕಲು, ಸೋತ ಹಂತವನ್ನು ಮತ್ತೆ ಆಡಲು ಹುರುಪು ಬರುತ್ತದೆ. ಆದರೆ ಬೇಸರ ಬಂದ ಮೇಲೂ ಪದಕಕ್ಕಾಗಿಯೇ ಕುಳಿತರೆ ಆಟವೆಂಬುದು ಕೂಲಿಯಿಲ್ಲದ ದುಡಿಮೆಯಾಗಿಬಿಡುತ್ತದೆ.

2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಯಂತ್ರದಲ್ಲಿ ಇಂಥ ವ್ಯವಸ್ಥೆಯನ್ನೇ ಇಡಲಿಲ್ಲ. ಆದರೂ 15 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಆಟ ಚೆನ್ನಾಗಿದ್ದರೆ ಪದಕವಿಲ್ಲವೆಂದು ಜನ ದೂರ ಹೋಗುವುದಿಲ್ಲ.

ಊಟಕ್ಕೆ ಉಪ್ಪಿನಕಾಯಿಯಂತೆ ಪದಕವೂ ಇರಲಿ. ಅದು ಬೇಡವೆನಿಸಿದರೆ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಆ ಸೂಚನೆಗಳನ್ನು ನಿಲ್ಲಿಸಬಹುದು. ಮಗು ಆಡಿ ಎದ್ದಾಗ ‘ಎಷ್ಟು ಗಳಿಸಿದೆ?’ ಎನ್ನುವ ಬದಲು ‘ಖುಷಿಯಾಯಿತೆ?’ ಎಂದು ಕೇಳಿ ನೋಡಿ.