ಕೇಸು ನಮ್ಮದು, ಭಾಷೆ ಯಾರದು?

ಇವತ್ತು ಒಂದು ಹಳೇ ಕೇಸಿನಿಂದ ಶುರು ಮಾಡ್ತೀನಿ.

ಮಹಾರಾಷ್ಟ್ರದಲ್ಲಿ ಒಬ್ಬ ವ್ಯಕ್ತಿಯನ್ನು ಮುಂಜಾಗ್ರತಾ ಬಂಧನದಲ್ಲಿ ಇಟ್ಟರು. ಯಾಕೆ ಬಂಧಿಸಿದ್ದೇವೆ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಬರೆದು ಕೈಗಿಟ್ಟರು. ಆತನಿಗೆ ಇಂಗ್ಲಿಷ್ ಬರಲ್ಲ. 'ಹಿಂದಿಯಲ್ಲಿ ಕೊಡಿ' ಅಂತ ಕೇಳಿದ. ಆಡಳಿತ ಭಾಷೆ ಇಂಗ್ಲಿಷ್, ಅದರಲ್ಲಿ ಕೊಟ್ಟರೆ ಸಾಕು ಅನ್ನೋದು ಅಧಿಕಾರಿಗಳ ವಾದ. 1962ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ, ಆತನನ್ನು ಬಿಡುಗಡೆ ಮಾಡಿತು. ತಿಳಿಸೋದು ಅಂದ್ರೆ ಆತನಿಗೆ ಅರ್ಥವಾಗೋ ಭಾಷೆಯಲ್ಲೇ ತಿಳಿಸಬೇಕು, ಅಷ್ಟೇ.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ರೈತನೊಬ್ಬನ ಜಮೀನಿನ ವ್ಯಾಜ್ಯ ತಾಲ್ಲೂಕು ಕೋರ್ಟಿನಲ್ಲಿದ್ದಾಗ ಆತ ಕನ್ನಡದಲ್ಲೇ ಸಾಕ್ಷಿ ಹೇಳ್ತಾನೆ. ಅದೇ ಕೇಸು ಹೈಕೋರ್ಟ್ ಮೆಟ್ಟಿಲು ಹತ್ತಿತು ಅಂದ್ರೆ ಎಲ್ಲವೂ ಇಂಗ್ಲಿಷ್. ತನ್ನ ಕೇಸಿನಲ್ಲಿ ತಾನೇ ಪ್ರೇಕ್ಷಕ. ಸೋತರೆ ಸುಪ್ರೀಂ ಕೋರ್ಟಿಗೆ ಹೋಗೋಕೆ ಸಾಮಾನ್ಯವಾಗಿ 90 ದಿನ ಗಡುವು. ಯಾಕೆ ಸೋತೆ ಅಂತ ಓದಲಾಗದ ತೀರ್ಪು ಹಿಡ್ಕೊಂಡು ಆತ ಏನು ತೀರ್ಮಾನ ಮಾಡಬೇಕು?

ಸಂವಿಧಾನದ 348ನೇ ವಿಧಿ ಹೈಕೋರ್ಟಿನ ಭಾಷೆ ಇಂಗ್ಲಿಷ್ ಅನ್ನುತ್ತೆ. ಆದರೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ರಾಜ್ಯದ ಭಾಷೆಗೂ ಅವಕಾಶ ಕೊಡಬಹುದು ಅಂತಾನೂ ಹೇಳುತ್ತೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಕ್ಕೆ ಹಿಂದಿ ಸಿಕ್ಕಿತು. ತಮಿಳು, ಗುಜರಾತಿ, ಬಂಗಾಳಿ, ಕನ್ನಡಕ್ಕೂ ಬೇಡಿಕೆ ಹೋಯ್ತು. ಸಿಗಲಿಲ್ಲ. ಒಂದೇ ವಿಧಿ, ಎರಡು ಅಳತೆ!

ನ್ಯಾಯಮೂರ್ತಿಗಳು ಬೇರೆ ರಾಜ್ಯಗಳಿಂದ ಬರ್ತಾರೆ, ಇಂಗ್ಲಿಷ್ ಇಲ್ಲದಿದ್ದರೆ ಹೇಗೆ ಅಂತಾರೆ. ಆ ಮಾತಲ್ಲಿ ಅರ್ಥ ಇದೆ. ಸರಿ, ವಾದ ಇಂಗ್ಲಿಷ್‌ನಲ್ಲೇ ನಡೆಯಲಿ. ತೀರ್ಪಿನ ಕನ್ನಡ ಪ್ರತಿ ಕೊಡೋದಕ್ಕೆ ಏನು ಅಡ್ಡಿ? 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕನ್ನಡದಲ್ಲೂ ತೀರ್ಪು ಕೊಟ್ಟಿತು. ಮನಸ್ಸು ಮಾಡಿದರೆ ಆಗುತ್ತೆ ಅಂತ ಗೊತ್ತಾಯ್ತಲ್ಲ!

ಇನ್ನೊಂದು ಮಾತು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಒಡಿಯಾ ಕೂಲಿಕಾರ ನಮ್ಮ ಕೋರ್ಟಿನ ಕಟಕಟೆಯಲ್ಲಿ ನಿಂತರೆ, ಆತನಿಗೆ ಕನ್ನಡ ಬರಲ್ಲ. ಸಾಕ್ಷಿ ಏನು ಹೇಳಿದ ಅಂತ ಆರೋಪಿಗೆ ಅರ್ಥವಾಗೋ ಭಾಷೆಯಲ್ಲಿ ವಿವರಿಸಬೇಕು ಅಂತ ಕಾನೂನೇ ಹೇಳುತ್ತೆ. ನಮಗೆ ಕನ್ನಡ ಕೇಳೋ ಹಕ್ಕು ಎಷ್ಟಿದೆಯೋ, ಆತನಿಗೆ ದುಭಾಷಿ ಕೇಳೋ ಹಕ್ಕೂ ಅಷ್ಟೇ ಇದೆ.

ಇದು ಬರೀ ಭಾಷಾಭಿಮಾನದ ವಿಷಯ ಅಲ್ಲ ಸ್ವಾಮಿ. ಗೆದ್ದವನಿಗೆ ಹೇಗೆ ಗೆದ್ದೆ ಅಂತ ಗೊತ್ತಾಗದಿದ್ದರೂ ನಡೆಯುತ್ತೆ. ಸೋತವನಿಗೆ ಮಾತ್ರ ಯಾಕೆ ಸೋತೆ ಅಂತ ಗೊತ್ತಾಗಲೇಬೇಕು.